ಹಾದಿಯ ಮೇಲೆ ಬರೆದ ಧಾರಾವಾಹಿ

ನಾನು ಮಾನ್ವಿಯಲ್ಲಿ ಶಾಲೆಯ ಹುಡುಗನಾಗಿದ್ದಾಗ ವರ್ಷಕ್ಕೊಮ್ಮೆಯೋ ಎರಡು ವರ್ಷಕ್ಕೊಮ್ಮೆಯೋ ಊರ ಹೊರಗಿನ ಬಯಲಿಗೆ ಸೈಕಲ್ಲಿನ ಆಟದವರು ಬರುತ್ತಿದ್ದರು. ಸುಗ್ಗಿ ಮುಗಿದು ಜನರ ಕೈಯಲ್ಲಿ ನಾಲ್ಕು ಕಾಸು ಓಡಾಡುವ ಕಾಲ ಅದು. ಗೂಟ ನೆಟ್ಟು ಹಗ್ಗ ಕಟ್ಟಿದ ಒಂದು ವರ್ತುಲ. ಅದರೊಳಗೆ ಒಬ್ಬ ಮನುಷ್ಯ ಏಳು ಹಗಲು ಏಳು ರಾತ್ರಿ ಸೈಕಲ್ಲಿನಿಂದ ಇಳಿಯದೆ ಸುತ್ತುವನು. ಊಟ, ಸ್ನಾನ, ಕ್ಷೌರ ಎಲ್ಲವೂ ಸೈಕಲ್ಲಿನ ಮೇಲೆಯೇ. ಮೆಚ್ಚಿದವರು ಅವನ ಅಂಗಿಗೆ ನೋಟು ಚುಚ್ಚುವರು. ವರ್ತುಲದ ಪಕ್ಕದಲ್ಲಿ ಒಂದು ಮೇಜು, ಮೇಜಿನ ಮೇಲೆ ಮೈಕು, ಮೈಕಿನ ಹಿಂದೆ ಇನ್ನೊಬ್ಬ ಮನುಷ್ಯ. ಹಗ್ಗ ದಾಟಿ ಯಾರೂ ಒಳಗೆ ಬರಕೂಡದು, ಆಟಗಾರನನ್ನು ಯಾರೂ ಮುಟ್ಟಕೂಡದು ಎಂದು ಕಟ್ಟಳೆ ಹಾಕುವವನು ಅವನೇ. ಇಂದು ಆಟಗಾರನಿಗೆ ಜ್ವರ ಬಂದಿದೆ, ಆದರೂ ಬಿಡನು, ನಾಳೆ ಬಂದು ನೋಡಿರಿ ಎಂದು ಸಾರುವವನೂ ಅವನೇ.

ಆಗ ನಮ್ಮ ಕಣ್ಣೆಲ್ಲ ಸೈಕಲ್ಲಿನವನ ಮೇಲಿತ್ತು. ಮೈಕಿನವನು ನಮ್ಮ ಲೆಕ್ಕಕ್ಕೇ ಇರಲಿಲ್ಲ. ಈಗ ಯೋಚಿಸಿದರೆ ಬೇರೆಯಾಗಿ ಕಾಣುತ್ತದೆ. ಹಗ್ಗದೊಳಗೆ ನಡೆಯುತ್ತಿದ್ದುದು ಒಂದೇ ಒಂದು ಕ್ರಿಯೆ, ಸುತ್ತುವುದು. ಅದಕ್ಕೆ ಆದಿ ಮಧ್ಯ ಅಂತ್ಯಗಳನ್ನು ಕೊಟ್ಟು, ನಿನ್ನೆಗೂ ಇಂದಿಗೂ ಗಂಟು ಹಾಕಿ, ಊರಿಗೆ ಊರೇ ಸಂಜೆಯ ಊಟ ಮುಗಿಸಿ ಬಯಲಿಗೆ ಬರುವಂತೆ ಮಾಡಿದವನು ಮೈಕಿನವನು. ಬೆವರು ಒಬ್ಬನದು, ಕಥೆ ಇನ್ನೊಬ್ಬನದು. ಈ ಇಬ್ಬರ ಸಂಬಂಧ ಎಂಥದಾಗಿರಬೇಕೆಂಬ ಪ್ರಶ್ನೆ ಬಹುಕಾಲ ನನ್ನನ್ನು ಕಾಡಿದೆ. ಟೂರ್ ಡಿ ಫ್ರಾನ್ಸ್ ಎಂಬ ಜಗತ್ಪ್ರಸಿದ್ಧ ಸೈಕಲ್ ಪಂದ್ಯವನ್ನು ಹುಟ್ಟುಹಾಕಿ, ಮೂವತ್ತಕ್ಕೂ ಹೆಚ್ಚು ವರ್ಷ ಅದನ್ನು ನಡೆಸಿದ ಆನ್ರಿ ದೆಗ್ರಾಂಜನ ವೃತ್ತಿಜೀವನವನ್ನು ಕುರಿತು ಓದುವಾಗ ಆ ಪ್ರಶ್ನೆ ಮತ್ತೆ ತಲೆಯೆತ್ತಿತು.

ಪಂದ್ಯ ನಡೆಸುವವನಿಗೆ ಸಾಹಿತ್ಯದ ಪುಟದಲ್ಲಿ ಏನು ಕೆಲಸ ಎಂದು ವಾಚಕರು ಕೇಳಬಹುದು. ದೆಗ್ರಾಂಜ್ ಮೊದಲು ಪತ್ರಿಕೆಯ ಸಂಪಾದಕ, ಆಮೇಲೆ ಪಂದ್ಯದ ನಿರ್ದೇಶಕ. ಪತ್ರಿಕೆಗೆ ಕಥೆ ಬೇಕಾಗಿತ್ತು. ಕಥೆ ಸಿಗಲೆಂದು ಪಂದ್ಯವನ್ನು ಕಟ್ಟಿದ. ಆದುದರಿಂದ ಅವನನ್ನು ಕ್ರೀಡಾಧಿಕಾರಿ ಎಂದು ಅಳೆಯುವುದಕ್ಕಿಂತ ಕಥನಕಾರ ಎಂದು ಅಳೆಯುವುದು ಹೆಚ್ಚು ನ್ಯಾಯ. ಅವನ ಹಿರಿಮೆಯೂ ಅವನ ದೋಷವೂ ಕಥನಕಾರನವೇ.

ದೆಗ್ರಾಂಜ್ ೧೮೬೫ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ. ವಕೀಲರ ಕಚೇರಿಯಲ್ಲಿ ಗುಮಾಸ್ತನಾಗಿದ್ದು ಸೈಕಲ್ಲಿನ ಹುಚ್ಚು ಹಿಡಿಸಿಕೊಂಡವನು. ೧೮೯೩ರ ಮೇ ತಿಂಗಳಲ್ಲಿ ಒಂದು ಗಂಟೆಯಲ್ಲಿ ೩೫ ಕಿಲೋಮೀಟರಿಗಿಂತ ಕೊಂಚ ಹೆಚ್ಚು ದೂರ ತುಳಿದು, ‘ಗಂಟೆಯ ದಾಖಲೆ’ ಎಂದು ಇಂದಿಗೂ ಕರೆಯುವ ಸಾಲಿನಲ್ಲಿ ಮೊದಲ ಹೆಸರನ್ನು ಬರೆಸಿದವನು ಅವನೇ. ಮರುವರ್ಷ ‘ತಲೆ ಮತ್ತು ಕಾಲುಗಳು’ ಎಂಬ ಅರ್ಥದ ಹೆಸರಿಟ್ಟು ಸೈಕಲ್ ಪಟುಗಳಿಗಾಗಿ ಒಂದು ಪುಸ್ತಕ ಬರೆದ. ತುಳಿಯುವವನ ಕಷ್ಟ ಅವನಿಗೆ ಕೇಳಿ ತಿಳಿದದ್ದಲ್ಲ, ಪಟ್ಟು ತಿಳಿದದ್ದು. ಈ ಮಾತನ್ನು ಮರೆಯಬಾರದು. ಮುಂದೆ ಅವನನ್ನು ಆಕ್ಷೇಪಿಸುವಾಗ ಇದು ಬೇಕಾಗುತ್ತದೆ.

ಆ ಕಾಲದ ಫ್ರಾನ್ಸಿನಲ್ಲಿ ‘ಲ ವೆಲೊ’ ಎಂಬ ಹಸಿರು ಕಾಗದದ ಕ್ರೀಡಾಪತ್ರಿಕೆ ಪ್ರಬಲವಾಗಿತ್ತು. ಆ ಪತ್ರಿಕೆಯ ಸಂಪಾದಕ ದ್ರೈಫಸನ ಪಕ್ಷ ವಹಿಸಿದ್ದು ಅದರ ಶ್ರೀಮಂತ ಜಾಹೀರಾತುದಾರರಿಗೆ ಹಿಡಿಸಲಿಲ್ಲ. ಅವರು ೧೯೦೦ರ ಅಕ್ಟೋಬರಿನಲ್ಲಿ ಹಳದಿ ಕಾಗದದ ಬೇರೊಂದು ಪತ್ರಿಕೆಯನ್ನು ಹೊರಡಿಸಿ ದೆಗ್ರಾಂಜನನ್ನು ಅದರ ಸಂಪಾದಕನನ್ನಾಗಿ ಕೂರಿಸಿದರು. ಹೆಸರಿನ ಬಗ್ಗೆ ವ್ಯಾಜ್ಯವಾಗಿ ಸೋತ ಮೇಲೆ, ೧೯೦೩ರಲ್ಲಿ ಅದು ‘ಲೋತೊ’ ಎಂದಾಯಿತು. ಪ್ರಸಾರ ಇಪ್ಪತ್ತೈದು ಸಾವಿರದ ಆಸುಪಾಸಿನಲ್ಲಿ ನಿಂತುಬಿಟ್ಟಿತ್ತು. ಏನಾದರೂ ಮಾಡಲೇಬೇಕಾದ ಆ ಗಳಿಗೆಯಲ್ಲಿ, ೧೯೦೨ರ ನವೆಂಬರಿನ ಒಂದು ಮಧ್ಯಾಹ್ನದ ಊಟದ ಹೊತ್ತು, ಜಿಯೊ ಲೆಫೇವ್ರ್ ಎಂಬ ತರುಣ ಸಹಾಯಕ ಇಡೀ ಫ್ರಾನ್ಸನ್ನು ಸುತ್ತುವ ಪಂದ್ಯದ ಮಾತು ತೆಗೆದ. ಕಲ್ಪನೆ ಲೆಫೇವ್ರನದು, ಅದನ್ನು ಹೊತ್ತು ಬೆಳೆಸಿದವನು ದೆಗ್ರಾಂಜ್. ಮೊದಲ ವರ್ಷ ಪಂದ್ಯದ ಜೊತೆಗೆ ಅವನು ಹೋಗಲೂ ಇಲ್ಲ. ಲೆಫೇವ್ರನೇ ಒಮ್ಮೆ ರೈಲಿನಲ್ಲಿ, ಒಮ್ಮೆ ಸೈಕಲ್ಲಿನಲ್ಲಿ ಹಿಂದೆ ಓಡಾಡಿ ವರದಿ ಕಳಿಸಿದ.

೧೯೦೩ರ ಜುಲೈ ೧ರಂದು ಪ್ಯಾರಿಸಿನ ಹೊರವಲಯದ ಒಂದು ಹೋಟೆಲಿನ ಮುಂದಿನಿಂದ ಅರವತ್ತು ಜನ ಹೊರಟರು. ಆ ದಿನದ ಸಂಪಾದಕೀಯದಲ್ಲಿ ದೆಗ್ರಾಂಜ್ ನೆನೆದದ್ದು ಯಾವ ಕ್ರೀಡಾಪಟುವನ್ನೂ ಅಲ್ಲ, ಜೋಲಾನ ‘ಭೂಮಿ’ ಕಾದಂಬರಿಯ ರೈತನನ್ನು. ಆ ರೈತನ ವಿಶಾಲವಾದ ಕೈಬೀಸಿನಂತೆ ತನ್ನ ಪತ್ರಿಕೆ ಈ ಪಟುಗಳನ್ನು ದೇಶದ ಮೇಲೆ ಎರಚುತ್ತಿದೆ ಎಂಬ ಅರ್ಥದಲ್ಲಿ. ದ್ರೈಫಸನ ಪರವಾಗಿ ದನಿಯೆತ್ತಿದ ಲೇಖಕರಲ್ಲಿ ಅಗ್ರಗಣ್ಯನಾದ ಜೋಲಾನ ಹೆಸರು, ದ್ರೈಫಸನ ವಿರೋಧಿಗಳ ದುಡ್ಡಿನಿಂದ ಹುಟ್ಟಿದ ಪತ್ರಿಕೆಯ ತಲೆಬರಹದಡಿಯಲ್ಲಿ ಹೀಗೆ ಬಂದದ್ದು ಒಂದು ವಿನೋದ. ಆದರೆ ನಾವು ಗಮನಿಸಬೇಕಾದ್ದು ಬೇರೆ. ಹೊರಡುವ ಮೊದಲೇ ದೆಗ್ರಾಂಜನ ಮನಸ್ಸಿನಲ್ಲಿ ಕಾದಂಬರಿಯಿತ್ತು. ಬಿತ್ತುವವನು ತಾನು, ಬಿತ್ತನೆಯ ಕಾಳು ಆ ಅರವತ್ತು ಜನ.

ಪಂದ್ಯ ಆರು ಹಂತಗಳಲ್ಲಿ ನಡೆಯಿತು. ಪ್ಯಾರಿಸಿನಿಂದ ಲಿಯೋನ್‌ವರೆಗಿನ ಮೊದಲ ಹಂತವೇ ೪೬೭ ಕಿಲೋಮೀಟರು. ನಮ್ಮ ರಾಯಚೂರಿನಿಂದ ಬೆಂಗಳೂರಿಗೆ ಇರುವ ದೂರಕ್ಕಿಂತ ಅದು ಹೆಚ್ಚು. ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತುಹೋಗುವುದಕ್ಕೇ ನಾವು ಸೊಂಟ ಹಿಡಿದುಕೊಳ್ಳುವ ದಾರಿಯದು. ಒಟ್ಟು ೨೪೨೮ ಕಿಲೋಮೀಟರು ಮುಗಿಸಿ ಪ್ಯಾರಿಸಿಗೆ ಮರಳಿದವರು ಇಪ್ಪತ್ತೊಂದೇ ಜನ. ಗೆದ್ದ ಮೊರಿಸ್ ಗಾರಾಂ, ಹುಡುಗನಾಗಿದ್ದಾಗ ಮನೆಗಳ ಹೊಗೆಗೂಡು ಉಜ್ಜುತ್ತಿದ್ದವನು. ಎರಡನೆಯವನಿಗಿಂತ ಎರಡೂವರೆ ಗಂಟೆಗೂ ಹೆಚ್ಚು ಮುಂದಿದ್ದ. ಲೋತೊ ಪತ್ರಿಕೆಯ ಪ್ರಸಾರ ಅರವತ್ತೈದು ಸಾವಿರಕ್ಕೆ ಏರಿತು. ಮುಂದಿನ ವರ್ಷ ‘ಲ ವೆಲೊ’ ಮುಚ್ಚಿತು. ೧೯೨೩ರ ಹೊತ್ತಿಗೆ ಪಂದ್ಯದ ದಿನಗಳಲ್ಲಿ ಲೋತೊ ಐದು ಲಕ್ಷ ಪ್ರತಿಗಳಷ್ಟು ಹೋಗುತ್ತಿತ್ತು.

ಈ ಯಶಸ್ಸಿನ ಗುಟ್ಟೇನು? ಬಯಲಿನ ವರ್ತುಲದಲ್ಲಿ ನಡೆಯುವ ಆಟವನ್ನು ನೋಡುವವನು ಪೂರ್ತಿಯಾಗಿ ನೋಡುತ್ತಾನೆ. ದೇಶವನ್ನೇ ಸುತ್ತುವ ಪಂದ್ಯವನ್ನು ಯಾರೂ ಪೂರ್ತಿಯಾಗಿ ನೋಡಲಾರರು. ಹಾದಿಯ ಬದಿಯಲ್ಲಿ ನಿಂತವನಿಗೆ ಕಾಣುವುದು ಅರೆಗಳಿಗೆಯ ಧೂಳು. ಅದಕ್ಕೆ ಮುಂಚೆ ಏನಾಯಿತು, ಆಮೇಲೆ ಏನಾಯಿತು ಎಂದು ತಿಳಿಯಬೇಕಾದರೆ ಬೆಳಗಿನ ಪತ್ರಿಕೆ ಕೊಳ್ಳಬೇಕು. ಕಾಣದಿದ್ದುದನ್ನು ಓದಿಸುವ ಉಪಾಯ ಇದು. ಇದರ ಜೊತೆಗೆ ಹಂತಗಳ ವ್ಯವಸ್ಥೆ: ಇಂದಿನ ಹಂತಕ್ಕೊಬ್ಬ ವಿಜಯಿ, ಒಟ್ಟು ಲೆಕ್ಕದಲ್ಲಿ ಮತ್ತೊಬ್ಬ, ಇಂದು ಸೋತವನು ನಾಳೆ ಏಳಬಹುದು. ಧಾರಾವಾಹಿ ಕಾದಂಬರಿಯ ಪ್ರಕರಣ ಕೊನೆಗೊಳ್ಳುವುದೂ ಹೀಗೆಯೇ ಅಲ್ಲವೆ?

ನಮ್ಮ ಕಡೆಯ ದೊಡ್ಡಾಟವನ್ನು ಕಂಡವರಿಗೆ ಈ ಸಂವಿಧಾನ ಹೊಸದೆನಿಸದು. ಪಾತ್ರಧಾರಿ ರಂಗಕ್ಕೆ ಬಂದೊಡನೆ ಸಾರಥಿ ಅವನನ್ನು ತಡೆದು ನೀನಾರು, ಎಲ್ಲಿಯವನು, ಇಲ್ಲಿಗೆ ಬಂದ ಕಾರಣವೇನು ಎಂದು ಕೇಳುತ್ತಾನೆ. ನಿನ್ನೆ ಹೊಲದಲ್ಲಿ ಗಳೆ ಹೊಡೆದ ಮನುಷ್ಯ ಆ ಪ್ರಶ್ನೆಗೆ ಉತ್ತರ ಕೊಡುತ್ತ ಕೊಡುತ್ತ ರಾಜನಾಗಿಬಿಡುತ್ತಾನೆ. ದೆಗ್ರಾಂಜನ ಪತ್ರಿಕೆ ಮಾಡಿದ ಕೆಲಸ ಸಾರಥಿಯದೇ. ಹೊಗೆಗೂಡಿನ ಹುಡುಗನನ್ನೂ ಕಮ್ಮಾರನನ್ನೂ ಕೂಲಿಯವನನ್ನೂ ಹಾದಿಯಲ್ಲಿ ತಡೆದು ನಿಲ್ಲಿಸಿ ಹೆಸರು ಕೇಳಿತು. ಹೆಸರು ಹೇಳಿದವರು ವೀರರಾದರು. ಫ್ರಾನ್ಸಿನ ವಿಮರ್ಶಕ ರೋಲಾಂ ಬಾರ್ತ್ ೧೯೫೭ರ ತನ್ನ ‘ಮಿಥಾಲಜೀಸ್’ ಸಂಗ್ರಹದಲ್ಲಿ ಈ ಪಂದ್ಯವನ್ನು ಮಹಾಕಾವ್ಯವೆಂದೇ ಪರಿಗಣಿಸಿ ಒಂದು ಪ್ರಬಂಧವನ್ನು ಸೇರಿಸಿದ್ದಾನೆ. ಬಡವರ ಮಕ್ಕಳಿಗೆ ಕಾವ್ಯದ ನಾಯಕತ್ವ ಕೊಟ್ಟದ್ದು ಸಣ್ಣ ಸಾಧನೆಯಲ್ಲ. ಇದು ದೆಗ್ರಾಂಜನ ಹಿರಿಮೆ.

ಇನ್ನು ದೋಷದ ಮಾತು. ೧೯೦೪ರಲ್ಲಿ ಪಂದ್ಯ ಮೋಸದಿಂದ ಕೆಟ್ಟಿತು. ಗಾರಾಂ ಸೇರಿ ಮೊದಲ ನಾಲ್ವರನ್ನೂ ತಿಂಗಳುಗಳ ನಂತರ ಹೊರಹಾಕಿ, ಇನ್ನೂ ಇಪ್ಪತ್ತು ತುಂಬದ ಆನ್ರಿ ಕಾರ್ನೆಯನ್ನು ವಿಜಯಿಯೆಂದು ಸಾರಬೇಕಾಯಿತು. ಈ ಪಂದ್ಯ ಇಲ್ಲಿಗೆ ಮುಗಿಯಿತು ಎಂದು ದೆಗ್ರಾಂಜ್ ಬರೆದೂ ಬಿಟ್ಟಿದ್ದ. ಮುಗಿಸಲಿಲ್ಲ, ಕಟ್ಟಳೆಗಳನ್ನು ಬಿಗಿಗೊಳಿಸಿದ. ಅಲ್ಲಿಂದ ಮುಂದೆ ಅವನ ಕೈಯಲ್ಲಿ ಲೇಖನಿಯ ಜೊತೆಗೆ ಬೆತ್ತವೂ ಬಂತು. ಮುರಿದ ಸೈಕಲ್ಲನ್ನು ತುಳಿಯುವವನೇ ದುರಸ್ತಿ ಮಾಡಿಕೊಳ್ಳಬೇಕು, ಇನ್ನೊಬ್ಬರು ಕೈ ಹಚ್ಚಕೂಡದು. ಗೇರು ಬದಲಿಸುವ ಸಲಕರಣೆಯನ್ನು ಬಳಸಕೂಡದು. ಆ ಅಪ್ಪಣೆ ಸಿಕ್ಕಿದ್ದು ೧೯೩೭ರಲ್ಲಿ, ದೆಗ್ರಾಂಜ್ ಕೈಬಿಟ್ಟ ಮೇಲೆ. ಒಬ್ಬನೇ ಒಬ್ಬ ಮುಗಿಸುವಂಥ ಪಂದ್ಯವೇ ಆದರ್ಶ ಪಂದ್ಯ ಎಂಬ ಮಾತು ಅವನ ಹೆಸರಿನಲ್ಲಿ ಪ್ರಚಲಿತವಾಗಿದೆ. ಅವನು ಆಡಿದನೋ ಇಲ್ಲವೋ, ಅವನ ಕಟ್ಟಳೆಗಳು ಆಡಿದ ಮಾತು ಅದೇ.

ಮೊದಲು ಸಣ್ಣ ಬೆಟ್ಟ, ಬಳಿಕ ೧೯೧೦ರಲ್ಲಿ ಪಿರನೀಸ್ ಪರ್ವತಗಳು. ಹಾದಿ ನೋಡಿಬರಲು ಹೋದ ಸಹಾಯಕ ಸ್ಟೈನೆಸ್ ತೂರ್ಮಲೆ ಕಣಿವೆಯ ಹಿಮದಲ್ಲಿ ಸಾಯುವುದರಲ್ಲಿದ್ದು, ಬದುಕಿ ಬಂದು, ಹಾದಿ ಚೆನ್ನಾಗಿದೆ ಎಂಬರ್ಥದ ತಂತಿ ಕಳಿಸಿದ. ಆ ವರ್ಷ ಗೆದ್ದ ಲಾಪೀಜ್, ಬೆಟ್ಟದ ಮೇಲೆ ಸೈಕಲ್ಲು ತಳ್ಳಿಕೊಂಡು ನಡೆಯುತ್ತ, ಅಧಿಕಾರಿಗಳ ಮುಖದ ಮೇಲೆ ‘ಕೊಲೆಗಡುಕರು’ ಎಂದು ಕೂಗಿದ. ಮರುವರ್ಷ ಆಲ್ಪ್ಸಿನಲ್ಲಿ ಎರಡೂವರೆ ಸಾವಿರ ಮೀಟರಿಗೂ ಎತ್ತರದ ಗಾಲಿಬಿಯೆ. ಅದನ್ನು ಕುರಿತು ದೆಗ್ರಾಂಜ್ ಬರೆದ ಲೇಖನ ಸ್ತೋತ್ರದ ಧಾಟಿಯದು. ಭಕ್ತ ದೇವರ ಮುಂದೆ ನಿಂತಂತೆ ಪರ್ವತದ ಮುಂದೆ ನಿಂತಿದ್ದಾನೆ. ಬರಹ ಸೊಗಸಾದದ್ದೇ. ಆದರೆ ಸ್ತೋತ್ರ ಸಲ್ಲುವುದು ಪರ್ವತಕ್ಕೆ. ಏರಿದವನು ಪರ್ವತದ ಮಹಿಮೆಗೊಂದು ಸಾಕ್ಷಿ ಮಾತ್ರ. ಅವನ ನೆನಪಿಗೆ ೧೯೪೯ರಲ್ಲಿ ಸ್ಮಾರಕ ಕಟ್ಟಿಸಿದ್ದೂ ಆ ಪರ್ವತದ ಮೇಲೆಯೇ. ಉಚಿತವಾಗಿಯೇ ಇದೆ.

ಈ ದೃಷ್ಟಿಯ ಬೆಲೆ ಏನೆಂಬುದನ್ನು ತಿಳಿಯಲು ಒಂದೇ ಪ್ರಸಂಗ ಸಾಕು. ೧೯೧೩ರಲ್ಲಿ ಯೂಜೀನ್ ಕ್ರಿಸ್ತೋಫ್ ಗೆಲ್ಲುವ ಸ್ಥಿತಿಯಲ್ಲಿದ್ದ. ತೂರ್ಮಲೆಯಿಂದ ಇಳಿಯುವಾಗ ಸೈಕಲ್ಲಿನ ಮುಂದಿನ ಚಿಮಟ, ಎಂದರೆ ಗಾಲಿಯನ್ನು ಹಿಡಿಯುವ ಕವಲು, ಮುರಿಯಿತು. ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ಹತ್ತು ಕಿಲೋಮೀಟರಿಗೂ ಹೆಚ್ಚು ದೂರ ನಡೆದು ಸಾಂತ್ ಮರಿ ದ ಕಾಂಪಾಂ ಎಂಬ ಹಳ್ಳಿಗೆ ಬಂದ. ಅಲ್ಲಿ ಒಂದು ಕುಲುಮೆ. ಕಮ್ಮಾರ ಸಹಾಯ ಮಾಡುವಂತಿಲ್ಲ. ಬಾಯಿಂದ ಹೇಳಬಹುದು, ಕೈ ಹಚ್ಚುವಂತಿಲ್ಲ. ಪಂದ್ಯದ ಅಧಿಕಾರಿಗಳು ಕಾವಲು ನಿಂತರು. ಕ್ರಿಸ್ತೋಫ್ ತಾನೇ ಕಬ್ಬಿಣ ಕಾಸಿ, ಬಡಿದು, ಬೆಸೆದ. ಗಂಟೆಗಟ್ಟಲೆ ಹೊತ್ತು ಹೋಯಿತು, ಪಂದ್ಯವೂ ಹೋಯಿತು. ಎರಡು ಕೈಯಲ್ಲಿ ಕಬ್ಬಿಣ ಹಿಡಿದು ಬಡಿಯುವವನು ತಿದಿಯನ್ನು ಒತ್ತುವುದು ಹೇಗೆ? ಅಲ್ಲಿದ್ದ ಒಬ್ಬ ಹುಡುಗ ತಿದಿಯೊತ್ತಿದ. ಅದು ಅನ್ಯರ ಸಹಾಯವೆಂದು ಹತ್ತು ನಿಮಿಷದ ದಂಡ ಬಿತ್ತು. ಆಮೇಲೆ ಅದನ್ನು ಮೂರು ನಿಮಿಷಕ್ಕೆ ಇಳಿಸಿದರು.

ಗಂಟೆಗಟ್ಟಲೆ ಕಳೆದುಕೊಂಡವನಿಗೆ ಮೂರಾದರೇನು, ಹತ್ತಾದರೇನು? ದಂಡದಿಂದ ಪಂದ್ಯದ ಫಲ ಬದಲಾಗಲಿಲ್ಲ. ಹಾಗಾದರೆ ದಂಡವೇಕೆ? ಕಥೆಯ ಒಡೆತನ ಯಾರದೆಂದು ತೋರಿಸುವುದಕ್ಕೆ ಎಂದೇ ನನ್ನ ಉತ್ತರ. ಆ ಕುಲುಮೆಯಲ್ಲಿ ಪಾತ್ರ ಕರ್ತೃವಿನ ಕೈಮೀರಿ ಬೆಳೆದುಬಿಟ್ಟಿತ್ತು. ದೆಗ್ರಾಂಜ್ ಬರೆದಿದ್ದ ಯಾವ ಸಾಲಿಗಿಂತಲೂ ದೊಡ್ಡದಾದ ಒಂದು ದೃಶ್ಯವನ್ನು ಒಬ್ಬ ಸೈಕಲ್ಲಿನವನೂ ಒಬ್ಬ ಹುಡುಗನೂ ಸೇರಿ ರಚಿಸಿದ್ದರು. ಅದರ ಮುಂದೆ ತಲೆಬಾಗುವ ಬದಲು ಅವನ ಕಟ್ಟಳೆ ಲೆಕ್ಕದ ಪುಸ್ತಕ ತೆರೆಯಿತು.

ನಮ್ಮ ಪಂಪನ ನೆನಪಾಗುತ್ತದೆ. ಅವನಿಗೂ ಒಬ್ಬ ಒಡೆಯನಿದ್ದ, ಒಂದು ಉದ್ದೇಶವಿತ್ತು. ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡು ಕಾವ್ಯ ಕಟ್ಟಬೇಕಾಗಿತ್ತು, ಕಟ್ಟಿದ. ಆದರೆ ಕರ್ಣ ಎದುರಿಗೆ ಬಂದಾಗ ಪಂಪ ಒಡೆಯನ ಲೆಕ್ಕವನ್ನು ಬದಿಗಿಟ್ಟು ಅವನಿಗೆ ದಾರಿ ಬಿಟ್ಟ. ಕಾವ್ಯದ ನಾಯಕ ಅರ್ಜುನನೇ ಆದರೂ ಓದಿದವರ ಎದೆಯಲ್ಲಿ ಉಳಿದವನು ಕರ್ಣ. ದೊಡ್ಡ ಕರ್ತೃವಿನ ಗುರುತು ಇದೇ: ತಾನು ಸೃಷ್ಟಿಸಿದ್ದು ತನಗಿಂತ ದೊಡ್ಡದಾದಾಗ ಹಿಂದೆ ಸರಿಯುವುದು. ದೆಗ್ರಾಂಜನಲ್ಲಿ ಸಂವಿಧಾನಚಾತುರ್ಯವಿತ್ತು, ವರ್ಣನಾಶಕ್ತಿಯಿತ್ತು, ಛಲವಿತ್ತು, ಈ ಔದಾರ್ಯವಿರಲಿಲ್ಲ.

ಓದುಗರಿಗೆ ಅದು ಇತ್ತು ಎಂಬುದು ವಿಶೇಷ. ಯುದ್ಧ ಮುಗಿದು ೧೯೧೯ರಲ್ಲಿ ಪಂದ್ಯ ಮತ್ತೆ ಮೊದಲಾದಾಗ, ಮುಂದಿರುವವನ ಗುರುತಿಗಾಗಿ ಹಳದಿ ಅಂಗಿಯನ್ನು ತಂದರು. ಅದನ್ನು ಮೊದಲು ತೊಟ್ಟವನು ಅದೇ ಕ್ರಿಸ್ತೋಫ್. ಕೊನೆಯ ದಿನಗಳಲ್ಲಿ ಮತ್ತೆ ಚಿಮಟ ಮುರಿದು ಮತ್ತೆ ಸೋತ. ಆಗ ಓದುಗರು ಪತ್ರಿಕೆಯ ಮೂಲಕ ಅವನಿಗಾಗಿ ಕಳಿಸಿದ ಚಂದಾ, ಗೆದ್ದವನ ಬಹುಮಾನವನ್ನೂ ಮೀರಿತು. ಅರ್ಜುನನ ಪಟ್ಟಾಭಿಷೇಕದ ದಿನ ಜನ ಕರ್ಣನಿಗೆ ಕಾಣಿಕೆ ಒಪ್ಪಿಸಿದಂತಾಯಿತು. ಚಂದಾ ತೆರೆದದ್ದೂ ದೆಗ್ರಾಂಜನ ಪತ್ರಿಕೆಯೇ ಎಂಬುದನ್ನು ನ್ಯಾಯವಾಗಿ ಹೇಳಬೇಕು. ಕರುಣ ರಸ ಪತ್ರಿಕೆಯನ್ನು ಮಾರುತ್ತದೆ ಎಂಬುದು ಅವನಿಗೆ ತಿಳಿದಿತ್ತು. ಕರುಣೆ ಕಟ್ಟಳೆಯನ್ನು ತಿದ್ದಬೇಕು ಎಂಬುದು ತಿಳಿದಿರಲಿಲ್ಲ.

ಪಾತ್ರಗಳು ಬಾಯಿ ತೆರೆದದ್ದು ೧೯೨೪ರಲ್ಲಿ. ಹಿಂದಿನ ವರ್ಷ ಗೆದ್ದಿದ್ದ ಆನ್ರಿ ಪೆಲಿಸಿಯೆ, ಅವನ ತಮ್ಮ ಫ್ರಾನ್ಸಿಸ್, ಗೆಳೆಯ ವೀಲ್, ಈ ಮೂವರೂ ಕೂತಾಂಸ್ ಎಂಬ ಊರಿನಲ್ಲಿ ಪಂದ್ಯ ಬಿಟ್ಟರು. ಜಗಳ ಅಂಗಿಯದು. ನಸುಕಿನ ಚಳಿಗೆ ಎರಡು ಅಂಗಿ ತೊಟ್ಟು ಹೊರಟವನು ಬಿಸಿಲೇರಿದ ಮೇಲೆ ಒಂದನ್ನು ಎಸೆಯುವಂತಿಲ್ಲ. ಹೊರಡುವಾಗ ಇದ್ದದ್ದೆಲ್ಲ ಮುಟ್ಟುವಾಗಲೂ ಮೈಮೇಲೆ ಇರಬೇಕು. ಅಧಿಕಾರಿಯೊಬ್ಬ ಅಂಗಿಯನ್ನು ಎತ್ತಿ ಎಣಿಸಿ ನೋಡಿದ್ದು ಪೆಲಿಸಿಯೆಗೆ ತಡೆಯಲಾರದ ಅವಮಾನವಾಯಿತು. ಆ ಊರಿನ ಒಂದು ಕಾಫಿ ಹೋಟೆಲಿನಲ್ಲಿ ಅವರನ್ನು ಕಂಡು ಮಾತನಾಡಿಸಿದವನು ಆಲ್ಬರ್ ಲೋಂದ್ರ್ ಎಂಬ ಬೇರೆ ಪತ್ರಿಕೆಯ ವರದಿಗಾರ. ಹಿಂದಿನ ವರ್ಷವಷ್ಟೇ ಗಯಾನಾದ ಕೈದಿಗಳ ವಸಾಹತಿಗೆ ಹೋಗಿ ಅಲ್ಲಿಯ ನರಕವನ್ನು ಬರೆದವನು. ಪಟುಗಳು ಚೀಲ ಬಿಚ್ಚಿ, ತಾವು ಹಾದಿ ಸವೆಸಲು ಬಳಸುವ ಕೊಕೇನು, ಕ್ಲೋರೋಫಾರಂ, ಗುಳಿಗೆಗಳನ್ನು ಅವನ ಮುಂದಿಟ್ಟರು. ಅವನ ಆ ಬರಹಗಳು ಇಂದು ‘ಹಾದಿಯ ಕೈದಿಗಳು’ ಎಂಬ ಹೆಸರಿನಿಂದ ಪ್ರಸಿದ್ಧವಾಗಿವೆ.

ಒಂದೇ ಹಾದಿ, ಒಂದೇ ಬೆವರು. ಒಬ್ಬನಿಗೆ ಅದು ವೀರಗಾಥೆ, ಇನ್ನೊಬ್ಬನಿಗೆ ಸೆರೆಮನೆಯ ವರದಿ. ಇಬ್ಬರಲ್ಲಿ ಯಾರು ಸತ್ಯ? ಇಬ್ಬರೂ ಎನ್ನಬೇಕು. ಆದರೆ ಲೋಂದ್ರನ ಬರಹದಲ್ಲಿ ಒಂದು ಗುಣವುಂಟು. ಅಲ್ಲಿ ತುಳಿಯುವವರೇ ಮಾತನಾಡುತ್ತಾರೆ. ದೆಗ್ರಾಂಜನಲ್ಲಿ ಇಪ್ಪತ್ತು ವರ್ಷದಿಂದ ಅವರ ಬಗ್ಗೆ ಮಾತಿತ್ತು. ಅವರ ಮಾತು ಅಪರೂಪ.

ದೆಗ್ರಾಂಜನ ಪರವಾಗಿಯೂ ಹೇಳಬೇಕಾದ್ದುಂಟು. ಅವನ ಕಟ್ಟಳೆಗಳ ಹಿಂದೆ ಬರಿಯ ಕ್ರೌರ್ಯವಿರಲಿಲ್ಲ. ದೊಡ್ಡ ಸೈಕಲ್ ಕಂಪನಿಗಳು ಹಣದ ಬಲದಿಂದ ತಮ್ಮ ಪಟುವನ್ನು ಗೆಲ್ಲಿಸಿಕೊಳ್ಳುತ್ತಿದ್ದ ಕಾಲ. ಒಬ್ಬನಿಗೆ ನಾಲ್ಕು ಜನ ಸಹಾಯಕರು, ಬೇಕಾದಾಗ ಹೊಸ ಸೈಕಲ್ಲು. ಇನ್ನೊಬ್ಬ ಸ್ವಂತ ಖರ್ಚಿನಿಂದ ಬಂದ ಬಡವ. ತೋಳಿಗೆ ತೋಳೇ ಎದುರಾಗಬೇಕು, ಥೈಲಿಗೆ ತೋಳಲ್ಲ ಎಂಬುದು ಅವನ ನ್ಯಾಯ. ಆ ನ್ಯಾಯದಲ್ಲಿ ಹುರುಳಿದೆ. ೧೯೩೦ರಲ್ಲಿ ಕಂಪನಿಗಳ ತಂಡಗಳನ್ನೇ ತೆಗೆದುಹಾಕಿ, ದೇಶದೇಶಗಳ ತಂಡ ಕಟ್ಟಿ, ಎಲ್ಲರಿಗೂ ಒಂದೇ ಬಗೆಯ ಸೈಕಲ್ಲು ಕೊಡಿಸಿದ. ಅದರ ಖರ್ಚಿಗಾಗಿ ಪಂದ್ಯದ ಮುಂದೆ ಜಾಹೀರಾತಿನ ಮೋಟಾರುಗಳ ಮೆರವಣಿಗೆ ಹೊರಡಿಸಿದ. ಸಮಾನತೆಗಾಗಿ ಹೊರಟದ್ದು ಕೊನೆಗೆ ಅಂಗಡಿಯ ಮುಂದೆ ನಿಂತಿತು ಎಂದು ನಗುವುದು ಸುಲಭ. ಸಮಾನತೆಯನ್ನು ಅವನು ನಿಜವಾಗಿ ಬಯಸಿದ್ದ. ಎಡವಿದ್ದೆಲ್ಲಿ ಎಂದರೆ, ಸಮಾನತೆ ಎಂದರೆ ಎಲ್ಲರಿಗೂ ಸಮಾನವಾದ ಯಾತನೆ ಎಂದು ತಿಳಿದದ್ದರಲ್ಲಿ. ತಾನು ಪಟ್ಟ ಕಷ್ಟವನ್ನು ಮುಂದಿನವರೂ ಪಡಲೇಬೇಕೆಂಬ ಹಿರಿಯರ ಹಟ ನಮಗೆ ಅಪರಿಚಿತವೇನಲ್ಲ.

೧೯೩೬ರಲ್ಲಿ ಕಾಯಿಲೆಯ ದೇಹ ಹೊತ್ತು ಹೊರಟು, ಪಂದ್ಯದ ಮೊದಲ ದಿನಗಳಲ್ಲೇ ಹಿಂದಿರುಗಬೇಕಾಯಿತು; ೧೯೪೦ರ ಆಗಸ್ಟಿನಲ್ಲಿ ತೀರಿಕೊಂಡ. ಅವನ ಜಾಗಕ್ಕೆ ಬಂದವನು ಜಾಕ್ ಗೊದೆ, ಮೊದಲ ಪಂದ್ಯದ ಕಾಲಕ್ಕೆ ಲೋತೊ ಪತ್ರಿಕೆಯ ಹಣಕಾಸು ನೋಡುತ್ತಿದ್ದವನ ಮಗ. ಎರಡನೆಯ ಯುದ್ಧದ ನಂತರ ಲೋತೊ ನಿಂತು ‘ಲೇಕಿಪ್’ ಪತ್ರಿಕೆ ಹುಟ್ಟಿತು. ೧೯೪೭ರಲ್ಲಿ ಪಂದ್ಯ ಮತ್ತೆ ಹೊರಟಿತು. ಗೊದೆ ಸುಮಾರು ಅರ್ಧ ಶತಮಾನ ಅದನ್ನು ನಡೆಸಿದ. ೧೯೬೨ರಿಂದ ಲೆವಿತಾಂ ಎಂಬವನು ಜೊತೆಗಾರನಾದ. ಗೊದೆಯೂ ಪ್ರತಿದಿನ ಲೇಖನ ಬರೆಯುವ ಸಂಪಾದಕನೇ. ಖಾಕಿ ಉಡುಪು, ತಲೆಯ ಮೇಲೆ ಬೆಂಡಿನ ಟೋಪಿ ಧರಿಸಿ ತೆರೆದ ಮೋಟಾರಿನಲ್ಲಿ ನಿಂತು ಪಂದ್ಯದ ಹಿಂದೆ ಹೋಗುವ ಅವನ ಚಿತ್ರಗಳನ್ನು ಕಂಡರೆ, ನಮ್ಮಲ್ಲಿ ಹಿಂದೆ ಜಮಾಬಂದಿಗೆ ಬರುತ್ತಿದ್ದ ದೊರೆಗಳ ನೆನಪಾಗುತ್ತದೆ.

ಗೊದೆಯ ಕಾಲದಲ್ಲಿಯೇ, ೧೯೬೭ರ ಜುಲೈ ೧೩ರಂದು, ಇಂಗ್ಲೆಂಡಿನ ಟಾಮ್ ಸಿಂಪ್ಸನ್ ವೆಂತೂ ಬೆಟ್ಟದ ಬೋಳು ಕಲ್ಲಿನ ಮೇಲೆ ಬಿದ್ದು ಸತ್ತ. ವಯಸ್ಸು ೨೯. ಮೈಯಲ್ಲಿ ಉತ್ತೇಜಕ ಮದ್ದಿತ್ತು, ಮೇಲೆ ಬಿಸಿಲಿತ್ತು, ಹಾದಿಯಲ್ಲಿ ಎಷ್ಟು ನೀರು ಪಡೆಯಬಹುದೆಂಬುದಕ್ಕೂ ಆಗ ಮಿತಿಯಿತ್ತು. ಯೂರೋಪಿನ ಓದುಗರಿಗೆ ಇದು ಮದ್ದಿನ ಕಥೆ. ಎಡೆದೊರೆಯ ನಮಗೆ ಇದು ಬಿಸಿಲಿನ ಮತ್ತು ನೀರಿನ ಕಥೆಯೂ ಹೌದು. ಏಪ್ರಿಲ್ ಮೇ ತಿಂಗಳಲ್ಲಿ ದೇವದುರ್ಗದ ಗುಡ್ಡಗಳ ನಡುವಿನ ಹಾದಿಯಲ್ಲಿ ಸೈಕಲ್ಲು ತುಳಿದವನು ಯಾವನೂ, ಬಾಯಾರಿದವನಿಗೆ ನೀರು ಕೊಡುವುದರಿಂದ ಆಟದ ಶುದ್ಧಿ ಕೆಡುತ್ತದೆ ಎಂಬ ಮಾತನ್ನು ಒಪ್ಪಲಾರ.

ದೇವದುರ್ಗದ ನನ್ನ ಸೋದರಮಾವ ಹತ್ತಿಯ ವ್ಯಾಪಾರಿಯೊಬ್ಬರಲ್ಲಿ ಲೆಕ್ಕ ಬರೆಯುತ್ತಿದ್ದ. ಬಸ್ಸು ತಪ್ಪಿದ ದಿನ ಸೈಕಲ್ಲಿನ ಮೇಲೆಯೇ ರಾಯಚೂರಿಗೆ ಹೋಗಿ, ಮಾರುಕಟ್ಟೆಯ ಚೀಟಿ ತಲುಪಿಸಿ, ಮರುದಿನ ಬರುವನು; ಒಂದು 방ದಿಗೆ ಐವತ್ತು ಕಿಲೋಮೀಟರಿನ ಆಸುಪಾಸು. ಅವನ ಅಂಗಿಗೆ ಯಾರೂ ನೋಟು ಚುಚ್ಚಲಿಲ್ಲ, ಯಾವ ಪತ್ರಿಕೆಯೂ ಬರೆಯಲಿಲ್ಲ. ಹಾಗೆಂದು ಅವನ ಪಯಣ ಚಿಕ್ಕದಾಗಲಿಲ್ಲ. ಬರೆದಿದ್ದರೆ ಅವನು ಬೇಡವೆನ್ನುತ್ತಲೂ ಇರಲಿಲ್ಲ. ಕಥನಕಾರ ಬೇಕು. ಅವನಿಲ್ಲದೆ ಶ್ರಮ ಮಣ್ಣುಪಾಲು. ಆದರೆ ಶ್ರಮಕ್ಕೆ ಹೆಸರು ಕೊಡುವ ಕಥನಕಾರ, ಕಥೆ ರಂಜಿಸಲೆಂದು ಶ್ರಮವನ್ನು ಹೆಚ್ಚಿಸತೊಡಗಿದರೆ ಅವನು ಕಥನಕಾರನಾಗಿ ಉಳಿಯುವುದಿಲ್ಲ, ಮೇಸ್ತ್ರಿಯಾಗುತ್ತಾನೆ. ದೆಗ್ರಾಂಜನ ಜೀವನದ ಪಾಠವನ್ನು ನಾನು ಹೀಗೆ ಓದುತ್ತೇನೆ.

ಪಾಠವನ್ನು ಕಲಿಸಿದವರು ಕೊನೆಗೂ ತುಳಿಯುವವರೇ. ೧೯೭೮ರಲ್ಲಿ ಒಂದೇ ದಿನ ಎರಡೆರಡು ಹಂತ ಓಡಿಸಿ, ನಿದ್ದೆಗೂ ಬಿಡುವು ಕೊಡದ ವ್ಯವಸ್ಥೆಯ ವಿರುದ್ಧ ಪಟುಗಳೆಲ್ಲ ವಾಲಾಂಸ್ ದಾಜಾಂ ಎಂಬ ಊರಿನಲ್ಲಿ ಸೈಕಲ್ಲಿನಿಂದ ಇಳಿದು, ತಳ್ಳಿಕೊಂಡು, ಗುರಿಯ ಗೆರೆಯವರೆಗೆ ನಡೆದರು. ಮುಂದೆ ನಿಂತವನು ಆ ವರ್ಷ ಗೆಲ್ಲಲಿದ್ದ ತರುಣ ಬೆರ್ನಾರ್ ಇನೊ. ಆ ಹಂತವನ್ನು ರದ್ದು ಮಾಡಬೇಕಾಯಿತು. ಹಾದಿಯ ಮೇಲೆ ಎಪ್ಪತ್ತೈದು ವರ್ಷದಿಂದ ಬರೆಸಿಕೊಂಡವರು ಅಂದು ತಾವೇ ಒಂದು ಸಾಲು ಬರೆದರು. ಇಳಿದು ನಡೆಯುವುದೂ ಒಂದು ಮಾತು ಎಂದು ತೋರಿಸಿದರು.

ಮಾನ್ವಿಯ ಬಯಲಿಗೆ ಮರಳುತ್ತೇನೆ. ಆಟದ ಐದನೆಯ ರಾತ್ರಿಯೋ ಆರನೆಯ ರಾತ್ರಿಯೋ, ಮನೆಯವರೆಲ್ಲ ಮಲಗಿದ ಮೇಲೆ ನಾನು ಕದ್ದು ಎದ್ದು ಬಯಲಿಗೆ ಹೋದೆ. ಯಾರೂ ಇಲ್ಲದ ಹೊತ್ತಿನಲ್ಲಿ ಅವನು ಇಳಿದು ಮಲಗುತ್ತಾನೆಂದು ಗೆಳೆಯರಲ್ಲಿ ಪಂಥವಾಗಿತ್ತು. ಗ್ಯಾಸ್‌ಬತ್ತಿ ಮಂದವಾಗಿ ಉರಿಯುತ್ತಿತ್ತು. ಮೈಕಿನವನು ಮೇಜಿನ ಕೆಳಗೆ ಚಾದರ ಹೊದ್ದು ಗೊರಕೆ ಹೊಡೆಯುತ್ತಿದ್ದ. ನೋಡುವವರು ಒಬ್ಬರೂ ಇರಲಿಲ್ಲ. ಆ ಮನುಷ್ಯ ಮಾತ್ರ ಸುತ್ತುತ್ತಲೇ ಇದ್ದ, ಬಹಳ ನಿಧಾನವಾಗಿ, ತಲೆ ಎದೆಯ ಮೇಲೆ ಬಿದ್ದಿತ್ತು. ನನ್ನನ್ನು ಕಂಡು ತಲೆಯೆತ್ತಿದ.

“ತಮ್ಮಾ, ಆ ಕೊಡದಾಗ ನೀರೈತಿ. ಒಂದ್ ಚರಿಗಿ ತಂದುಕೊಡಪ್ಪಾ.”

“ಒಳಗ ಬರಬಾರದಂತ ಹೇಳ್ಯಾರ್ರೀ,” ಎಂದೆ.

“ಅವರು ಮಲಗ್ಯಾರ. ಬಾ.”

ನಾನು ಹಗ್ಗ ದಾಟಿದೆ. ಚರಿಗಿ ಹಿಡಿದು ಅವನ ಜೊತೆಗೆ ಅರ್ಧ ಸುತ್ತು ಓಡಿದೆ. ಕುಡಿದು, ಚರಿಗಿ ಹಿಂದಕ್ಕೆ ಕೊಟ್ಟು, ಮತ್ತೆ ತಲೆ ತಗ್ಗಿಸಿ ತುಳಿಯತೊಡಗಿದ. ಮರುದಿನ ಸಂಜೆ ಮೈಕಿನವನು, ಇವನು ರಾತ್ರಿಯಿಡೀ ಯಾರ ಸಹಾಯವೂ ಇಲ್ಲದೆ ಸುತ್ತಿದನೆಂದು ಸಾರಿದ. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಸೈಕಲ್ಲಿನವನು ಆ ಕಡೆಯಿಂದ ಸುತ್ತಿ ಬರುವಾಗ ನನ್ನನ್ನು ನೋಡಿ ಸುಮ್ಮನೆ ಮುಂದೆ ಹೋದ.